ಸೋಲಾರ್‌ಗೆ ಜಮೀನು ಗುತ್ತಿಗೆ ಕೊಡುವ ಮುನ್ನ: ನಮ್ಮ ದೊಡ್ಡಪ್ಪನಿಗೆ ಆದದ್ದು ನಿಮಗೆ ಆಗದಿರಲಿ

ಒಣಭೂಮಿ ತಾಲ್ಲೂಕುಗಳ ರೈತರು, ಅದರಲ್ಲೂ ಎರಡು ಮೂರು ಎಕರೆಯವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯ ಹಿರಿಯರಿಗೆ ಓದಲು ಬರದಿದ್ದರೆ ಕೂರಿಸಿಕೊಂಡು ಓದಿ ಹೇಳಿ. ಸೋಲಾರ್ ಕಂಪನಿಗೆ ಜಮೀನು ಗುತ್ತಿಗೆಗೆ ಹಾಕಿಸಿಕೊಡ್ತೀವಿ ಅಂತ ಊರೂರು ತಿರುಗುವ ಏಜೆಂಟರು ಎರಡು ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಒಂದು ಗುತ್ತಿಗೆ ಕರಾರು, ಇನ್ನೊಂದು ಜಿಪಿಎ, ಅಂದರೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರವನ್ನು ಇನ್ನೊಬ್ಬರಿಗೆ ಬರೆದುಕೊಡುವ ಪತ್ರ. ಮೊದಲನೆಯದರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಎರಡನೆಯದರ ಬಗ್ಗೆ ಬಾಯಿ ಬಿಡುವುದಿಲ್ಲ. ನಮ್ಮ ದೊಡ್ಡಪ್ಪನ ಮೂರು ಎಕರೆ ಇವತ್ತು ಸಿಕ್ಕಿಹಾಕಿಕೊಂಡಿರುವುದು ಆ ಎರಡನೆಯದರಲ್ಲಿ.

ನಮ್ಮದು ತುಮಕೂರು ಜಿಲ್ಲೆಯ ಉತ್ತರದ ಕಡೆ ಊರು. ಕಡ್ಲೆಕಾಯಿ, ತೊಗರಿ, ಹುರುಳಿ, ಮಳೆ ಕೈ ಹಿಡಿದರೆ ರಾಗಿ. ಪಾವಗಡದ ಸೋಲಾರ್ ಪಾರ್ಕ್ ನಮಗೆ ದೂರವೇನಲ್ಲ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಪಾರ್ಕ್ ಅದು. ಅಲ್ಲಿ ಬಾಡಿಗೆ ಶುರುವಾದದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ, ಒಪ್ಪಂದ 28 ವರ್ಷಕ್ಕೆ. ನಮ್ಮ ಸೀಮೆಯಲ್ಲಿ ಈ ಲೆಕ್ಕ ಗೊತ್ತಿಲ್ಲದವರಿಲ್ಲ. ಏಜೆಂಟರು ಹಿಡಿದುಕೊಂಡು ಬಂದದ್ದೂ ಇದನ್ನೇ. "ಯಜಮಾನ್ರೆ, ಪಾವಗಡದೋರು ಕೂತಲ್ಲೇ ದುಡ್ಡು ಎಣಿಸ್ತಾವ್ರೆ, ನೀವ್ಯಾಕೆ ಇನ್ನೂ ಮೋಡ ನೋಡ್ಕಂಡು ಕೂತಿದ್ದೀರಾ? ನಾವು ಅದಕ್ಕಿಂತ ಜಾಸ್ತೀನೇ ಕೊಡಿಸ್ತೀವಿ."

ಅವರು ಹೇಳದೆ ಬಿಟ್ಟದ್ದು ಇದು. ಪಾವಗಡದ ರೈತರು ಜಮೀನು ಕೊಟ್ಟಿರುವುದು 2015ರಲ್ಲಿ ಸರ್ಕಾರವೇ ಕಟ್ಟಿದ ನಿಗಮಕ್ಕೆ. ಖಾಸಗಿ ಕಂಪನಿಗಳು ಆ ನಿಗಮದಿಂದ ಜಾಗ ಪಡೆಯುತ್ತವೆ. ಬಾಡಿಗೆ ತಡವಾದರೆ ಹೋಗಿ ಕೇಳಲು ಒಂದು ಸರ್ಕಾರಿ ಬಾಗಿಲಿದೆ. (ಅಲ್ಲೂ ಎಲ್ಲರೂ ಸುಖವಾಗಿಲ್ಲ. ಬಾಡಿಗೆ ಜಮೀನಿದ್ದವರಿಗೆ ಬಂತು, ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬರಲಿಲ್ಲ.) ನಮ್ಮೂರಿಗೆ ಬಂದ ಪತ್ರದಲ್ಲಿದ್ದದ್ದು ಯಾರೂ ಕೇಳಿರದ ಒಂದು ಖಾಸಗಿ ಕಂಪನಿಯ ಹೆಸರು, ಬೆಂಗಳೂರಿನ ಒಂದು ವಿಳಾಸ, ಅಷ್ಟೇ.

ಅವರು ಊರಿನ ಸಭೆ ಕರೆಯಲಿಲ್ಲ. ಸಂಜೆ ಹೊತ್ತು ಒಂದೊಂದೇ ಮನೆಗೆ ಹೋದರು. ಪ್ರತಿ ಮನೆಯಲ್ಲೂ "ಪಕ್ಕದ ಹೊಲದೋರು ಆಗ್ಲೇ ಒಪ್ಪವ್ರೆ, ನೀವೊಬ್ರೇ ಉಳಿದ್ರೆ ನಿಮ್ಮ ಜಮೀನು ಮಧ್ಯದಲ್ಲಿ ಸಿಕ್ಕಂಡು ದಾರಿ ಇಲ್ದಂಗಾಗುತ್ತೆ" ಅಂದರು. ಪಕ್ಕದ ಹೊಲದವರಿಗೂ ಇದೇ ಮಾತು ಹೇಳಿದ್ದರು. ಆಮೇಲೆ ಒಂದು ದಿನ ಜೀಪಿನಲ್ಲಿ ಎಲ್ಲರನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ, ಹೆಬ್ಬೆಟ್ಟು ಒತ್ತಿಸಿ, ಫೋಟೊ ತೆಗೆಸಿ, ಮಧ್ಯಾಹ್ನ ಊಟ ಹಾಕಿಸಿ ವಾಪಸ್ ಬಿಟ್ಟರು. ಸಾಕ್ಷಿ ಹಾಕಿದ ಇಬ್ಬರೂ ಏಜೆಂಟನ ಹುಡುಗರು. ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಎಕರೆಗೆ ಹತ್ತು ಸಾವಿರ ಮುಂಗಡದ ಚೆಕ್ಕು ಕೊಟ್ಟರು. ಅಸಲು ಪತ್ರ ಕಂಪನಿಯಲ್ಲೇ ಉಳಿಯಿತು, ದೊಡ್ಡಪ್ಪನ ಕೈಗೆ ಬಂದದ್ದು ಮೊದಲ ನಾಲ್ಕು ಹಾಳೆಯ ಜೆರಾಕ್ಸ್.

ನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ ಒಬ್ಬ ವಕೀಲರ ಮುಂದೆ ಕೂತು ಸಾಲು ಸಾಲಾಗಿ ಓದಿಸಿದಾಗ ತಿಳಿದ ವಿಷಯಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಪತ್ರದಲ್ಲೂ ಇವೇ ಇರಬಹುದು. ಬಾಡಿಗೆ ಯಾವಾಗಿನಿಂದ ಅಂತ ತಾರೀಖು ಇಲ್ಲ. "ಕಾಮಗಾರಿ ಆರಂಭವಾದ ದಿನದಿಂದ" ಅಂತಿದೆ. ಕಾಮಗಾರಿ ಆರಂಭವಾಯಿತು ಅಂತ ಯಾರು ಹೇಳಬೇಕು? ಕಂಪನಿಯೇ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ? ಐದು ವರ್ಷದವರೆಗೆ ಅವರು ಕಾಯಬಹುದು, ಅಲ್ಲಿಯವರೆಗೆ ರೈತ ಜಮೀನನ್ನು ಬೇರೆ ಯಾರಿಗೂ ಕೊಡುವ ಹಾಗಿಲ್ಲ. ಬೇಡವೆನಿಸಿದರೆ ಕಂಪನಿ ಮೂವತ್ತು ದಿನದ ನೋಟಿಸ್ ಕೊಟ್ಟು ಹೊರಗೆ ಹೋಗಬಹುದು, ರೈತ ಹೊರಗೆ ಬರುವ ದಾರಿಯನ್ನು ಎಲ್ಲೂ ಬರೆದಿಲ್ಲ. ಗುತ್ತಿಗೆ ಹಕ್ಕನ್ನು ಕಂಪನಿ ಯಾರಿಗೆ ಬೇಕಾದರೂ ವರ್ಗಾಯಿಸಬಹುದು, ರೈತನನ್ನು ಕೇಳಬೇಕಿಲ್ಲ. ತಕರಾರು ಬಂದರೆ ಮಧ್ಯಸ್ಥಿಕೆ ಬೆಂಗಳೂರಿನಲ್ಲಿ, ಮಧ್ಯಸ್ಥರನ್ನು ಆರಿಸುವವರು ಕಂಪನಿಯವರು.

ಇನ್ನು ಜಿಪಿಎ. ಅದರಲ್ಲಿ "ರದ್ದುಪಡಿಸಲಾಗದ" ಎಂಬ ಮಾತಿದೆ. ಸರ್ವೆ, ಪೋಡಿ (ಸರ್ವೆ ನಂಬರನ್ನು ಭಾಗ ಮಾಡಿಸುವುದು), ಭೂಪರಿವರ್ತನೆಗೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದಕ್ಕೆ) ಅರ್ಜಿ, ಬ್ಯಾಂಕಿಗೆ ಅಡಮಾನ, ಯಾವುದೇ ಸರ್ಕಾರಿ ಕಚೇರಿಯಲ್ಲಿ ದೊಡ್ಡಪ್ಪನ ಪರವಾಗಿ ಸಹಿ, ಎಲ್ಲಕ್ಕೂ ಅಧಿಕಾರ ಕೊಟ್ಟಾಗಿದೆ. ಪಕ್ಕದ ಹೊಲದವರ ಜಿಪಿಎಯಲ್ಲಿ ಇನ್ನೂ ಒಂದು ಪದ ಸೇರಿತ್ತು: ಕ್ರಯ, ಅಂದರೆ ಮಾರಾಟ. ಜಿಪಿಎ ಇದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ನಿಜ. ಆದರೆ ಮಾರುವ ಅಧಿಕಾರ ಬರೆದುಕೊಟ್ಟಿದ್ದರೆ ಆ ಜಿಪಿಎ ಹಿಡಿದವನು ನಿಮ್ಮ ಪರವಾಗಿ ಕ್ರಯಪತ್ರ ನೋಂದಾಯಿಸಿಕೊಡಬಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಕೊಳ್ಳುವವರಿಗೆ ಬರವಿಲ್ಲ.

ಸಹಿಯಾದ ಮೇಲೆ ಹೊಲದ ನಾಲ್ಕು ಮೂಲೆಗೆ ಹಳದಿ ಬಣ್ಣ ಬಳಿದ ಕಲ್ಲು ನೆಟ್ಟು ಹೋದರು. "ಕೆಲಸ ಯಾವಾಗ ಬೇಕಾದ್ರೂ ಶುರುವಾಗುತ್ತೆ, ಬಿತ್ತಬೇಡಿ, ಬಿತ್ತಿದ್ರೆ ಬೆಳೆ ಪರಿಹಾರ ಕೇಳಬೇಡಿ" ಅಂದರು. ಆ ಮುಂಗಾರು ಹೊಲ ಬೀಳು ಬಿತ್ತು. ಅದರ ಮುಂದಿನದೂ ಬೀಳು. ಬಾಡಿಗೆಯೂ ಇಲ್ಲ, ಬೆಳೆಯೂ ಇಲ್ಲ. ಕೊನೆಗೆ ದೊಡ್ಡಪ್ಪ ತಾವೇ ಬಿತ್ತೋಣ ಅಂತ ಬೆಳೆ ಸಾಲಕ್ಕೆ ಸೊಸೈಟಿಗೆ ಹೋದರೆ, ಕಾರ್ಯದರ್ಶಿ ಪಹಣಿ (ಜಮೀನಿನ ಹಕ್ಕು, ಬೆಳೆಯ ಸರ್ಕಾರಿ ದಾಖಲೆ) ತೆಗೆದು 11ನೇ ಕಾಲಂ ಮೇಲೆ ಬೆರಳಿಟ್ಟರು. "9ನೇ ಕಾಲಂನಲ್ಲಿ ನಿಮ್ಮ ಹೆಸರೇ ಐತೆ ಅಣ್ಣ. ಆದ್ರೆ ಇಲ್ಲಿ ಕಂಪನಿ ಗುತ್ತಿಗೆ ಕೂತೈತಲ್ಲ, ನಾನು ಹೆಂಗೆ ಸಾಲ ಬರೀಲಿ?" ಬಡ್ಡಿಯಿಲ್ಲದ ಸಾಲ ತಪ್ಪಿತು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿ ಬೀಜ ತಂದರು. ಆಗಲೇ ತಿಳಿದದ್ದು, ಜಿಪಿಎ ಬಳಸಿ ಭೂಪರಿವರ್ತನೆಗೂ ಅರ್ಜಿ ಬಿದ್ದಿದೆ ಅಂತ. ಅದು ಆಗಿಬಿಟ್ಟರೆ ಕಾಗದದ ಮೇಲೆ ಆ ಹೊಲ ಹೊಲವೇ ಅಲ್ಲ. ಬೆಳೆ ಸಾಲ, ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ, ಎಲ್ಲದಕ್ಕೂ ಪಹಣಿಯೇ ಆಧಾರ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಪಂಚಾಯ್ತಿಯ ಕಡತ ನೋಡಿದಾಗ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಆ ವರ್ಷದ ಗ್ರಾಮಸಭೆಯ ನಡಾವಳಿ ನಕಲು ಕೇಳಿದೆವು. ಮನೆ ಫಲಾನುಭವಿಗಳ ಆಯ್ಕೆಗೆ ಕರೆದಿದ್ದ ಸಭೆ ಅದು, ದೊಡ್ಡಮ್ಮನೂ ಹೋಗಿ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಬಂದಿದ್ದರು. ನಡಾವಳಿಯಲ್ಲಿ ಮನೆಗಳ ಪಟ್ಟಿ ಮುಗಿದ ಮೇಲೆ, ಸಹಿಗಳು ಶುರುವಾಗುವ ಮೊದಲು, ಬೇರೆ ಶಾಯಿಯಲ್ಲಿ ಇಕ್ಕಟ್ಟಾಗಿ ನಾಲ್ಕು ಸಾಲು ತುರುಕಿದ್ದರು: ಸೋಲಾರ್ ಘಟಕಕ್ಕೆ ಮತ್ತು ಅದಕ್ಕೆ ಬೇಕಾದ ದಾರಿಗೆ ಗ್ರಾಮಸ್ಥರ ಅಭ್ಯಂತರವಿಲ್ಲ. ಆ ಸಭೆಯಲ್ಲಿ ಸೋಲಾರ್ ಎಂಬ ಮಾತೇ ಎದ್ದಿರಲಿಲ್ಲ. ಖಾಸಗಿ ಜಮೀನಿನ ಗುತ್ತಿಗೆಯನ್ನು ಗ್ರಾಮಸಭೆ ತಡೆಯಲಾರದು. ಆದರೆ ಬಂಡಿದಾರಿ, ಹಳ್ಳ, ಗೋಮಾಳ ಊರಿನವು. ಅದಕ್ಕೇ ಅವರಿಗೆ ಊರಿನ ಒಪ್ಪಿಗೆ ಬೇಕಾಗಿತ್ತು, ಅದನ್ನು ಊರಿಗೆ ತಿಳಿಯದಂತೆ ತೆಗೆದುಕೊಂಡರು.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಹೋಗಿ. ಹೋದರೆ ನಡಾವಳಿ ಅಲ್ಲೇ ಓದಿ ಹೇಳುವವರೆಗೆ ಏಳಬೇಡಿ. ಕೊನೆಯ ಸಾಲಿಗೂ ಮೊದಲ ಸಹಿಗೂ ನಡುವೆ ಖಾಲಿ ಜಾಗ ಇದ್ದರೆ ಅಡ್ಡಗೆರೆ ಎಳೆಸಿ, ಆಮೇಲೆ ಸಹಿ ಹಾಕಿ. ಫೋನಿನಲ್ಲಿ ಆ ಪುಟದ ಫೋಟೊ ಇಟ್ಟುಕೊಳ್ಳಿ. ನಮ್ಮೂರಲ್ಲಿ ಈಗ ಹುಡುಗರು ಇದನ್ನು ಮಾಡುತ್ತಿದ್ದಾರೆ.

ಸೋಲಾರ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸರಿಯಾದ ಬಾಡಿಗೆ ಬಂದರೆ ಒಣಭೂಮಿಯವರಿಗೆ ಅದು ಆಸರೆಯೇ. ಆದರೆ ಜಿಪಿಎಗೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಭೂಪರಿವರ್ತನೆಗೆ ಸಹಿ ಬೇಕಿದ್ದರೆ ಆ ಅರ್ಜಿಗೆ ಮಾತ್ರ ನೀವೇ ಹಾಕಿಕೊಡಿ. ಕರಾರು ಕನ್ನಡದಲ್ಲಿರಲಿ. ಬಾಡಿಗೆ ಶುರುವಾಗುವ ತಾರೀಖು ಅಂಕಿಯಲ್ಲಿರಲಿ, ಕೆಲಸ ಶುರುವಾಗಲಿ ಬಿಡಲಿ. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಕಿತ್ತು ಜಮೀನನ್ನು ಮೊದಲಿನ ಸ್ಥಿತಿಗೆ ತರುವ ಖರ್ಚು ಯಾರದು ಅಂತ ಬರೆಸಿ. ಎಲ್ಲಕ್ಕಿಂತ ಮೊದಲು, ಒಬ್ಬೊಬ್ಬರೇ ಮಾತಿಗೆ ಕೂರಬೇಡಿ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಊರಿನವರು ಮೂರು ವರ್ಷಕ್ಕೂ ಹೆಚ್ಚು ಕಾಲ ಒಟ್ಟಾಗಿ ನಿಂತದ್ದಕ್ಕೇ 2025ರ ಜುಲೈನಲ್ಲಿ ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ಅಲ್ಲಿ ಎದುರಿಗಿದ್ದದ್ದು ಸರ್ಕಾರ, ಇಲ್ಲಿ ಕಂಪನಿ, ಆದರೂ ಏಜೆಂಟನಿಗೆ ಭಯವಿರುವುದು ಊರು ಒಟ್ಟಿಗೆ ಕೂತು ಪತ್ರ ಓದಿಬಿಟ್ಟರೆ ಅನ್ನುವುದೊಂದೇ.

ಈಗಾಗಲೇ ಸಹಿ ಹಾಕಿದವರು ಕೈಕಟ್ಟಿ ಕೂರಬೇಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅಥವಾ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮ ಸರ್ವೆ ನಂಬರಿನ ಇ.ಸಿ. (ಋಣಭಾರ ಪತ್ರ) ತೆಗೆಸಿ, ಏನೇನು ನೋಂದಣಿಯಾಗಿದೆ ನೋಡಿ. ಪೂರ್ತಿ ಪತ್ರದ ದೃಢೀಕೃತ ನಕಲು ತೆಗೆಸಿ. ಭೂಪರಿವರ್ತನೆಗೆ ಅರ್ಜಿ ಬಿದ್ದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ನಾವು ಕೊಟ್ಟ ಮೇಲೆ ದೊಡ್ಡಪ್ಪನ ಅರ್ಜಿ ಮುಂದಕ್ಕೆ ಹೋಗಿಲ್ಲ. ಜಮೀನು ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳ ಸಹಿ ಆಗಿದೆಯೇ ನೋಡಿ. ನಮ್ಮ ರಾಜ್ಯದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳಿಗೆ ಸಮಪಾಲು. ಏಜೆಂಟ್ ತರಿಸಿದ್ದ ವಂಶವೃಕ್ಷದಲ್ಲಿ ದೊಡ್ಡಪ್ಪನ ಇಬ್ಬರು ಹೆಣ್ಣುಮಕ್ಕಳ, ಅಂದರೆ ನಮ್ಮ ಅಕ್ಕಂದಿರ ಹೆಸರೇ ಇರಲಿಲ್ಲ. ಈಗ ಅಕ್ಕಂದಿರು ಕೋರ್ಟಿನಲ್ಲಿ ಹಾಕಿರುವ ದಾವೆಯಲ್ಲಿ ವಕೀಲರು ಮುಖ್ಯವಾಗಿ ಹಿಡಿದಿರುವುದು ಅದನ್ನೇ.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡುತ್ತಾರೆ, ಸಹಾಯವಾಣಿ 15100. ಅಕ್ಕಂದಿರ ದಾವೆ ನಡೆಯುತ್ತಿರುವುದು ಹಾಗೇ, ವಕೀಲರ ಫೀಸಿಗೆ ಕೈಯಿಂದ ಒಂದು ರೂಪಾಯಿ ಹೋಗಿಲ್ಲ. 11ನೇ ಕಾಲಂ ಇನ್ನೂ ಹಾಗೇ ಇದೆ. ಈ ಸಲದ ಕಡ್ಲೆಕಾಯಿಯನ್ನು ದೊಡ್ಡಪ್ಪ ಆ ಹಳದಿ ಕಲ್ಲುಗಳ ನಡುವೆಯೇ ಬಿತ್ತಿದ್ದಾರೆ. ಏಜೆಂಟ್ ಬಂದು ಜಗಳ ತೆಗೆದಾಗ ಊರಿನವರೆಲ್ಲ ಹೊಲಕ್ಕೆ ಬಂದು ನಿಂತರು, ಅವನು ಜೀಪು ಹತ್ತಿ ಹೋದ.