ಸ್ಪ್ರೇ ಟ್ಯಾನ್ ಸೊಲ್ಯೂಷನ್: ನಮ್ಮಂಥ ಮೈಬಣ್ಣಕ್ಕೆ ಯಾವುದು ಸರಿ?

ಬಿಸಿಲಿಗೆ ಹೋಗದೆ ಮೈಗೆ ಕಂದು ಬಣ್ಣ ಬರಲಿ ಅಂತ ಸಿಂಪಡಿಸಿಕೊಳ್ಳುವ ದ್ರಾವಣವೇ ಸ್ಪ್ರೇ ಟ್ಯಾನ್ ಸೊಲ್ಯೂಷನ್. ಅದು ಅಂದ ಕೂಡಲೇ ಎಲ್ಲರೂ ನೋಡುವುದು ಬಾಟಲಿಯ ಮೇಲಿನ ಪರ್ಸೆಂಟ್, ಅಂದರೆ ಬಣ್ಣ ಕೊಡುವ ಡಿಎಚ್‌ಎ ಅನ್ನುವ ವಸ್ತು ಅದರಲ್ಲಿ ಎಷ್ಟಿದೆ ಅನ್ನುವುದು. 8, 10, 12, 14, ಕೆಲವು ಕಂಪನಿಗಳದ್ದು ಇನ್ನೂ ಜಾಸ್ತಿ. ಬೆಳ್ಳಗಿದ್ದರೆ ಚಿಕ್ಕ ನಂಬರ್, ಕಪ್ಪಗಿದ್ದರೆ ದೊಡ್ಡ ನಂಬರ್ ಅಂತ ಸಲೂನ್‌ನವರೂ ಹೇಳಿಬಿಡುತ್ತಾರೆ. ಅದು ಅರ್ಧ ಮಾತ್ರ ನಿಜ. ನಾನು ಮೆಲ್ಬರ್ನ್‌ನಲ್ಲಿ ಬ್ಯೂಟಿ ಸಲೂನ್ ಕೆಲಸ ಮಾಡುವವಳು. ಬಿಸಿಲಿಗೆ ಹತ್ತು ನಿಮಿಷ ನಿಂತರೆ ಕೆಂಪಾಗುವ ಹುಡುಗಿಯರಿಂದ ಹಿಡಿದು ನಮ್ಮ ಮಂಡ್ಯ, ಹುಬ್ಬಳ್ಳಿ ಕಡೆಯ ಮನೆಗಳ ಹುಡುಗಿಯರ ತನಕ ಎಲ್ಲರಿಗೂ ಸ್ಪ್ರೇ ಮಾಡುತ್ತೇನೆ. ಮೊದಲು ನೋಡಬೇಕಾದದ್ದು ಬೇಸ್ ಬಣ್ಣ, ಅಂದರೆ ಸೊಲ್ಯೂಷನ್‌ಗೆ ಬೆರೆಸಿರುವ ಛಾಯೆ. ಆಮೇಲೆ ಚರ್ಮ ಒಣಗಿದೆಯೋ, ಜಿಡ್ಡಿದೆಯೋ ಅನ್ನುವುದು. ಪರ್ಸೆಂಟ್ ಕೊನೆಗೆ.

ನಮ್ಮವರಿಗೆ ಟ್ಯಾನ್ ಯಾಕೆ ಬೇಕು ಅಂತ ಊರಿನಿಂದ ಬಂದ ಹಿರಿಯರು ಕೇಳುತ್ತಾರೆ. ಸ್ಕೂಲ್ ಫಾರ್ಮಲ್ ಅನ್ನುವ ಶಾಲೆಯ ಪಾರ್ಟಿಗೆ, ಗೆಳತಿಯ ಮದುವೆಗೆ, ನವೆಂಬರ್‌ನ ಮೆಲ್ಬರ್ನ್ ಕಪ್ ಕುದುರೆ ರೇಸಿಗೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳೂ ಹಾಕಿಸಿಕೊಳ್ಳುತ್ತಾರೆ. ಕಪ್ಪಾಗುವುದಕ್ಕಿಂತ ಕೈಕಾಲು, ಕುತ್ತಿಗೆ, ಬೆನ್ನು ಎಲ್ಲಾ ಒಂದೇ ಬಣ್ಣದಲ್ಲಿ ಕಾಣಲಿ ಅನ್ನುವುದು ಅವರ ಆಸೆ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ. ಆಸ್ಟ್ರೇಲಿಯಾದಲ್ಲಿ ಚರ್ಮದ ಕ್ಯಾನ್ಸರ್ ವಿಪರೀತ, ಅದಕ್ಕೇ 2015ರಿಂದ ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ಸೇರಿ ಹೆಚ್ಚಿನ ರಾಜ್ಯಗಳಲ್ಲಿ ದುಡ್ಡಿಗೆ ನಡೆಸುವ ಸೋಲಾರಿಯಂಗಳನ್ನು, ಅಂದರೆ ಯುವಿ ದೀಪದಿಂದ ಮೈ ಕಂದಾಗಿಸುವ ಅಂಗಡಿಗಳನ್ನು, ಮುಚ್ಚಿಸಿಬಿಟ್ಟರು. ದೀಪದ ಕೆಳಗೆ ಮಲಗಿ ಮೈ ಸುಟ್ಟುಕೊಳ್ಳುವುದಕ್ಕಿಂತ ಸ್ಪ್ರೇ ಎಷ್ಟೋ ವಾಸಿ.

ಬಾಟಲಿಯ ಒಳಗೆ ಕೆಲಸ ಮಾಡುವ ಡಿಎಚ್‌ಎ ಒಂದು ಜಾತಿಯ ಸಕ್ಕರೆ. ಚರ್ಮದ ತೀರಾ ಮೇಲಿನ ಸತ್ತ ಪದರದಲ್ಲಿರುವ ಅಮೈನೋ ಆಮ್ಲಗಳ ಜೊತೆ ಸೇರಿ ಅದು ಕಂದು ಬಣ್ಣ ಕೊಡುತ್ತದೆ. ಹೆಂಚಿನ ಮೇಲೆ ದೋಸೆ ಕೆಂಪಗಾಗುವುದೂ ಇದೇ ಥರದ ಕ್ರಿಯೆಯಿಂದ, ಇಲ್ಲಿ ಬೆಂಕಿ ಬೇಕಿಲ್ಲ ಅಷ್ಟೇ. ಇದು ಗೊತ್ತಾದದ್ದು 1950ರ ದಶಕದಲ್ಲಿ, ಅಮೆರಿಕದ ಸಿನ್ಸಿನಾಟಿಯಲ್ಲಿ. ಈವಾ ವಿಟ್ಗೆನ್‌ಸ್ಟೈನ್ ಅನ್ನುವ ವಿಜ್ಞಾನಿ ಖಾಯಿಲೆಯ ಮಕ್ಕಳಿಗೆ ಡಿಎಚ್‌ಎ ಕುಡಿಸಿ ನೋಡುತ್ತಿದ್ದಾಗ, ಅದು ಚೆಲ್ಲಿದ ಕಡೆ ಮಕ್ಕಳ ಚರ್ಮ ಕಂದಾಗುವುದನ್ನು ಗಮನಿಸಿದರು. ಸ್ಪ್ರೇ ಆದ ಕೆಲವು ಗಂಟೆಗಳಲ್ಲಿ ಬಣ್ಣ ಏಳಲು ಶುರುವಾಗುತ್ತದೆ, ಪೂರ್ತಿ ಕೂರಲು ಒಂದು ದಿನ ಬೇಕು. ಆ ಪದರ ಉದುರಿದ ಹಾಗೆ ಬಣ್ಣವೂ ಹೋಗುತ್ತದೆ. ಸಾಮಾನ್ಯವಾಗಿ ಒಂದು ವಾರ. ಚರ್ಮಕ್ಕೆ ತನ್ನದೇ ಬಣ್ಣ ಕೊಡುವ ಮೆಲನಿನ್‌ಗೂ ಇದಕ್ಕೂ ಸಂಬಂಧವಿಲ್ಲ, ಹಾಗಾಗಿ ಬಿಸಿಲಿನಿಂದ ಇದು ಕಾಪಾಡುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಸನ್‌ಸ್ಕ್ರೀನ್ ಬಿಡುವ ಹಾಗಿಲ್ಲ.

ಈಗ ಬೇಸ್ ವಿಷಯ. ಸ್ಪ್ರೇ ಮಾಡಿದ ಕೂಡಲೇ ಮೈ ಮೇಲೆ ಕಾಣುವ ಬಣ್ಣವನ್ನು ಬ್ರಾಂಜರ್ ಅಥವಾ ಗೈಡ್ ಕಲರ್ ಅನ್ನುತ್ತಾರೆ. ಮೊದಲ ಸ್ನಾನದಲ್ಲಿ ಅದು ಬಹುಮಟ್ಟಿಗೆ ತೊಳೆದುಹೋಗುತ್ತದೆ. ಬೇಸ್ ಅಂದರೆ ಅದಕ್ಕೆ ಬೆರೆಸಿರುವ ಹಸಿರು, ನೇರಳೆ, ಬೂದು ಅಥವಾ ಬರೀ ಕಂದಿನ ಛಾಯೆ. ಹಸಿರು ಬೇಸ್ ಕೆಂಪನ್ನು ತಗ್ಗಿಸುತ್ತದೆ. ನೇರಳೆ ಬೇಸ್ ಹಳದಿ, ಕಿತ್ತಳೆಯನ್ನು ತಗ್ಗಿಸುತ್ತದೆ. ಕೆನ್ನೆ, ಎದೆ ಕೆಂಪಗಿರುವ ಬಿಳಿ ಚರ್ಮಕ್ಕೆ ಹಸಿರು ಚೆನ್ನಾಗಿ ಕೂರುತ್ತದೆ. ನಮ್ಮವರಲ್ಲಿ ಬಹಳ ಜನರ ಮೈಬಣ್ಣದ ಅಡಿಯಲ್ಲಿ ಹಳದಿ ಇರುತ್ತದೆ, ಕೆಲವರಿಗೆ ಹಸಿರು ಛಾಯೆಯ ಗೋಧಿ ಬಣ್ಣ. ಅಂಥವರಿಗೆ ಹಸಿರು ಬೇಸ್ ಹೊಡೆದರೆ ಮಾರನೇ ದಿನ ಮುಖದಲ್ಲಿ ಕಳೆಯೇ ಇರುವುದಿಲ್ಲ, ಮಬ್ಬು ಕವಿದ ಹಾಗೆ ಕಾಣುತ್ತದೆ. ನೇರಳೆ ಬೇಸ್ ಆದರೆ ಅದೇ ಮೈ ತಾಮ್ರದ ಹೊಳಪಿಗೆ ತಿರುಗುತ್ತದೆ. ಆದರೆ ಕಪ್ಪಿನಲ್ಲೂ ಕೆಂಪು ಛಾಯೆ ಇರುವವರು ನಮ್ಮಲ್ಲಿ ಇದ್ದಾರಲ್ಲ, ಅವರಿಗೆ ಹಸಿರೇ ಒಪ್ಪುವುದನ್ನೂ ನೋಡಿದ್ದೇನೆ. ಅದಕ್ಕೇ ದೇಶ ನೋಡಿ, ಹೆಸರು ನೋಡಿ ಬಾಟಲಿ ಆರಿಸುವುದು ತಪ್ಪು ಅನ್ನುವುದು.

ಸಲೂನ್‌ಗಳಲ್ಲಿ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿ ಅಂತ ಒಂದು ಇಟ್ಟುಕೊಂಡಿರುತ್ತಾರೆ, 1ರಿಂದ 6ರವರೆಗೆ. ಹಾರ್ವರ್ಡ್‌ನ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಶುರುಮಾಡಿದ್ದು, ಗಾಢ ಬಣ್ಣಗಳ 5, 6 ಆಮೇಲೆ ಸೇರಿದವು. ನಮ್ಮಲ್ಲಿ ಹೆಚ್ಚಿನವರು ಅದರಲ್ಲಿ 4 ಅಥವಾ 5. ಆದರೆ ಆ ಪಟ್ಟಿ ಹೇಳುವುದು ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಅನ್ನುವುದನ್ನು. ಅಡಿಯ ಛಾಯೆ ಅದರಲ್ಲಿ ಸಿಗುವುದಿಲ್ಲ. ಮಣಿಕಟ್ಟಿನ ನರ ನೀಲಿಯೋ ಹಸಿರೋ ನೋಡಿ ಅನ್ನುವ ಉಪಾಯ ನಮ್ಮ ಬಣ್ಣದ ಕೈಯಲ್ಲಿ ಅಷ್ಟಾಗಿ ನಡೆಯುವುದಿಲ್ಲ, ನರವೇ ಸರಿಯಾಗಿ ಕಾಣುವುದಿಲ್ಲವಲ್ಲ. ನಾನು ಮಾಡುವುದು ಹೀಗೆ: ಕಿಟಕಿ ಬೆಳಕಿನಲ್ಲಿ ಬಿಳಿ ಟವೆಲ್ ಹಾಸಿ, ಅದರ ಮೇಲೆ ತೋಳಿನ ಒಳಭಾಗ ಇಡಿಸುತ್ತೇನೆ. ಟವೆಲ್ ಪಕ್ಕದಲ್ಲಿ ಹಳದಿಯೋ ಕೆಂಪೋ ಕೂಡಲೇ ಎದ್ದು ಕಾಣುತ್ತದೆ. ಆಮೇಲೆ ಅಲ್ಲೇ ಎರಡು ಮೂರು ಸೊಲ್ಯೂಷನ್‌ಗಳನ್ನು ರೂಪಾಯಿ ನಾಣ್ಯದಷ್ಟು ಅಗಲ ಹಚ್ಚಿ ಮನೆಗೆ ಕಳಿಸುತ್ತೇನೆ. ಮಾರನೇ ದಿನ ಸ್ನಾನ ಆದ ಮೇಲೆ ಯಾವ ಗುರುತು ತನ್ನ ಮೈಬಣ್ಣದ್ದೇ ಇನ್ನೊಂದು ಛಾಯೆ ಅನ್ನಿಸುತ್ತದೋ ಅದೇ ಸರಿ. ಅಲರ್ಜಿ ಇದ್ದರೂ ಎಷ್ಟೋ ಸಲ ಇದರಲ್ಲೇ ಗೊತ್ತಾಗುತ್ತದೆ.

ಇನ್ನು ಪರ್ಸೆಂಟ್. ತೀರಾ ಬೆಳ್ಳಗಿನ ಚರ್ಮಕ್ಕೆ 6ರಿಂದ 8 ಸಾಕು. ಗೋಧಿ ಬಣ್ಣಕ್ಕೆ 10. ಅದಕ್ಕಿಂತ ಗಾಢ ಬಣ್ಣಕ್ಕೆ 12, ಹೆಚ್ಚೆಂದರೆ 14. ಅದರಾಚೆ ನನಗೆ ನಂಬಿಕೆ ಇಲ್ಲ. ಚರ್ಮದ ಮೇಲ್ಪದರ ಒಂದು ಮಿತಿಯ ತನಕ ಮಾತ್ರ ಡಿಎಚ್‌ಎ ಹಿಡಿಯುತ್ತದೆ, ಉಳಿದದ್ದು ಕಿತ್ತಳೆ ಛಾಯೆ, ವಾಸನೆ, ತೇಪೆತೇಪೆಯಾಗಿ ಹೋಗುವುದು, ಇಷ್ಟಕ್ಕೇ ಕಾರಣ. ಯುರೋಪಿಯನ್ ಯೂನಿಯನ್‌ನಲ್ಲಂತೂ 2022ರಿಂದ ಇಂಥ ಪ್ರಾಡಕ್ಟ್‌ಗಳಲ್ಲಿ 10 ಪರ್ಸೆಂಟ್ ದಾಟುವ ಹಾಗಿಲ್ಲ ಅಂತ ನಿಯಮವಿದೆ. ಒಂದು ಬಾಟಲಿಯಲ್ಲಿ ಎರಿತ್ರುಲೋಸ್ ಕೂಡ ಇದ್ದರೆ ನಾನು ಅದನ್ನೇ ತಗೊಳ್ಳುತ್ತೇನೆ. ಅದೂ ಸಕ್ಕರೆ ಜಾತಿಯದೇ. ಬಣ್ಣ ಏರುವುದು ನಿಧಾನ, ಎರಡು ದಿನ ಬೇಕು, ಆದರೆ ಡಿಎಚ್‌ಎ ಜೊತೆ ಇದ್ದರೆ ಹೋಗುವಾಗ ಒಂದೇ ಸಮ ಹೋಗುತ್ತದೆ.

ಒಣಚರ್ಮದವರ ಕಷ್ಟ ಬೇರೆ. ಮೊಣಕೈ, ಮೊಣಕಾಲು, ಹಿಮ್ಮಡಿ, ಬೆರಳಿನ ಗೆಣ್ಣು, ಇಲ್ಲೆಲ್ಲ ಸತ್ತ ಪದರ ದಪ್ಪ, ಅಲ್ಲಿ ಬಣ್ಣ ಜಾಸ್ತಿ ಹೀರಿಕೊಂಡು ಕಪ್ಪು ಮಚ್ಚೆಯ ಹಾಗೆ ನಿಲ್ಲುತ್ತದೆ. ನಮ್ಮವರಿಗೆ ಆ ಜಾಗಗಳು ಮೊದಲೇ ಸ್ವಲ್ಪ ಕಪ್ಪಿರುತ್ತವೆ, ಹಾಗಾಗಿ ಇನ್ನೂ ಎದ್ದು ಕಾಣುತ್ತದೆ. ಬಿಳಿ ಚರ್ಮಕ್ಕೆ ಅಂತ ಬರೆದ ಸೂಚನೆಗಳಲ್ಲಿ ಈ ಮಾತು ಬರುವುದೇ ಇಲ್ಲ. ಆ ಜಾಗಗಳಿಗೆ ಮಾತ್ರ ಬಣ್ಣ ಜಾಸ್ತಿ ಹಿಡಿಯದಂತೆ ತಡೆಯುವ ಬ್ಯಾರಿಯರ್ ಕ್ರೀಮ್ ತೆಳ್ಳಗೆ ಹಚ್ಚಿಸಿಕೊಳ್ಳಿ, ಹಚ್ಚದಿದ್ದರೆ ಕೇಳಿ ಹಚ್ಚಿಸಿಕೊಳ್ಳಿ. ಬೇಗ ಒಣಗಲಿ ಅಂತ ಆಲ್ಕೋಹಾಲ್ ಜಾಸ್ತಿ ಹಾಕಿದ ಸೊಲ್ಯೂಷನ್ ಒಣಚರ್ಮಕ್ಕೆ ಬೇಡ. ಗ್ಲಿಸರಿನ್, ಅಲೋವೆರಾ ಇರುವುದು ನೋಡಿ. ತೀರಾ ಒಣಗಿದ್ದರೆ ಸ್ಪ್ರೇ ಬಿಟ್ಟು ದಿನಾ ಹಚ್ಚುವ ಗ್ರ್ಯಾಜುಯಲ್ ಟ್ಯಾನ್ ಲೋಷನ್ ಒಳ್ಳೆಯದು. ಬಣ್ಣ ನಿಧಾನವಾಗಿ ಏರುವುದರಿಂದ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಮೆಲ್ಬರ್ನ್‌ನಲ್ಲೇ 2012ರಲ್ಲಿ ಶುರುವಾದ ಬಾಂಡಿ ಸ್ಯಾಂಡ್ಸ್ ಕಂಪನಿಯ ಗ್ರ್ಯಾಜುಯಲ್ ಟ್ಯಾನಿಂಗ್ ಮಿಲ್ಕ್ ಇಲ್ಲಿನ ಕೆಮಿಸ್ಟ್ ಅಂಗಡಿಗಳಲ್ಲೆಲ್ಲ ಸಿಗುತ್ತದೆ, ನನಗೆ ಇಷ್ಟವಾಗಿದೆ.

ಎಣ್ಣೆಚರ್ಮದವರಿಗೆ ಇದರ ಉಲ್ಟಾ. ಜಿಡ್ಡಿನ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ, ಮೂಗು, ಹಣೆ, ಎದೆಯಲ್ಲಿ ಬೇಗ ಹೋಗಿಬಿಡುತ್ತದೆ. ಅವರಿಗೆ ಬೇಗ ಒಣಗುವ, ಎಣ್ಣೆಯಿಲ್ಲದ ಸೊಲ್ಯೂಷನ್ ಸರಿ. ಒಂದು ಮಾತು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದರೆ ಎಷ್ಟು ದುಬಾರಿ ಬಾಟಲಿಯೂ ಕೆಲಸ ಮಾಡುವುದಿಲ್ಲ. ಟ್ಯಾನ್ ಆದ ವಾರ ಎಣ್ಣೆ ಸ್ನಾನವೂ ಬೇಡ, ಕಡಲೆಹಿಟ್ಟು ಹಚ್ಚಿ ಉಜ್ಜುವುದೂ ಬೇಡ. ಎರಡೂ ಬಣ್ಣ ಕಿತ್ತುಕೊಂಡು ಹೋಗುತ್ತವೆ.

ಸೂಕ್ಷ್ಮ ಚರ್ಮದವರಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದು ಡಿಎಚ್‌ಎಗಿಂತ ಅದರ ವಾಸನೆ ಮುಚ್ಚಲು ಹಾಕುವ ಪರಿಮಳ. ತೆಂಗಿನಕಾಯಿ, ವೆನಿಲ್ಲಾ ಘಮಕ್ಕೆ ಮರುಳಾಗಬೇಡಿ, ಫ್ರಾಗ್ರನ್ಸ್ ಫ್ರೀ ಅಂತ ಬರೆದಿರುವುದನ್ನೇ ಕೇಳಿ. ಮನೆಯಲ್ಲಿ ಹಚ್ಚಿಕೊಳ್ಳುವವರಿಗೆ ಬಾಂಡಿ ಸ್ಯಾಂಡ್ಸ್‌ನ ಪ್ಯೂರ್ ಸಾಲಿನಲ್ಲಿ ಅಂಥದ್ದು ಇದೆ. ಬೇಸ್ ಬಣ್ಣ ನೋಡಿ ಕೊಳ್ಳಬೇಕು ಅನ್ನುವವರಿಗೆ ಇಂಗ್ಲೆಂಡಿನ ಐಲ್ ಆಫ್ ಪ್ಯಾರಡೈಸ್ ಸುಲಭ. ಲೈಟ್‌ಗೆ ಪೀಚ್, ಮೀಡಿಯಂಗೆ ಹಸಿರು, ಡಾರ್ಕ್‌ಗೆ ನೇರಳೆ ಅಂತ ಬಣ್ಣದಲ್ಲೇ ಗೊತ್ತಾಗುವ ಹಾಗೆ ಮಾಡಿದ್ದಾರೆ.

ಮುಖದಲ್ಲಿ ಬಂಗು ಇದ್ದರೆ ಮುಚ್ಚಿಹೋಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಮುಚ್ಚಿಹೋಗುವುದಿಲ್ಲ. ಸುತ್ತಲಿನ ಚರ್ಮದ ಜೊತೆ ಬಂಗಿನ ಜಾಗವೂ ಇನ್ನಷ್ಟು ಕಪ್ಪಾಗುತ್ತದೆ. ಮುಖಕ್ಕೆ ಟ್ಯಾನ್ ಬಿಟ್ಟು ಮೇಕಪ್‌ನಲ್ಲಿ ಸರಿದೂಗಿಸಿಕೊಳ್ಳಿ. ಮೆಹಂದಿ ಹಾಕುವ ಕಾರ್ಯಕ್ರಮ ಇದ್ದರೆ ಕೈಗೆ ಸ್ಪ್ರೇ ಬೇಡ, ಎರಡೂ ಬಣ್ಣ ಕೂರುವುದು ಅದೇ ಮೇಲ್ಪದರದಲ್ಲಿ.

ನನ್ನ ಮನಸ್ಸಿಗೆ ಹತ್ತಿರವಾದ ಉಪಯೋಗ ಇನ್ನೊಂದಿದೆ. ತೊನ್ನು. ಡಿಎಚ್‌ಎಗೆ ಮೆಲನಿನ್ ಬೇಕಿಲ್ಲ ಅಂದೆನಲ್ಲ, ಹಾಗಾಗಿ ಬಿಳಿ ಮಚ್ಚೆಯ ಮೇಲೂ ಅದು ಬಣ್ಣ ಕೊಡುತ್ತದೆ. ಚರ್ಮವೈದ್ಯರೂ ಮಚ್ಚೆ ಮರೆಸಲು ಇದನ್ನು ಹೇಳುತ್ತಾರೆ. ಮಗಳ ಮನೆಗೆ ಬಂದಿದ್ದ ನಮ್ಮ ಕಡೆಯ ಹಿರಿಯರೊಬ್ಬರ ಕೈಗೆ ಹಚ್ಚಿಕೊಟ್ಟಿದ್ದೆ. ಸ್ಪ್ರೇ ಗನ್ ಮುಟ್ಟಲಿಲ್ಲ. ಸಣ್ಣ ಬ್ರಶ್ ತಗೊಂಡು, ಮಣಿಕಟ್ಟಿನ ಮಚ್ಚೆಯ ಒಳಗಷ್ಟೇ ತೆಳ್ಳಗೆ ಹಚ್ಚಿದೆ, ಅಂಚಿಗೆ ಸ್ವಲ್ಪ ಮುಂಚೆಯೇ ನಿಲ್ಲಿಸಿದೆ. ಅಂಚು ದಾಟಿದರೆ ಪಕ್ಕದ ಕಂದು ಚರ್ಮವೂ ಕಪ್ಪಾಗಿ ಮಚ್ಚೆಯ ಸುತ್ತ ಉಂಗುರ ಬಿದ್ದ ಹಾಗೆ ಕಾಣುತ್ತದೆ. ಮಾರನೇ ದಿನ ಇನ್ನೊಂದು ಕೋಟ್. ಅವರು ಕೈ ತಿರುಗಿಸಿ ತಿರುಗಿಸಿ ನೋಡಿ, "ಪಾತ್ರೆ ತೊಳೆದ್ರೆ ಹೋಗಲ್ವೇನಮ್ಮಾ ಇದು?" ಅಂದರು. "ನೀರಿಗೆ ಹೋಗಲ್ಲ ಆಂಟಿ, ಉಜ್ಜಬೇಡಿ ಅಷ್ಟೇ" ಅಂದೆ. ಮಣಿಕಟ್ಟಿನಲ್ಲಿ ಚೆನ್ನಾಗಿ ಹೊಂದಿಕೊಂಡಿತು. ಬೆರಳುಗಳಲ್ಲಿ ಬೇಗ ಮಾಸಿತು, ಅಲ್ಲಿ ಆಗಾಗ ಹಚ್ಚುತ್ತಲೇ ಇರಬೇಕು. ಇದಕ್ಕೆ ಬ್ರಾಂಜರ್ ಇಲ್ಲದ, ಪರಿಮಳ ಇಲ್ಲದ, ಕಡಿಮೆ ಪರ್ಸೆಂಟಿನ ಸೊಲ್ಯೂಷನ್ ಬೇಕು. ಒಂದೇ ಸಲ ಗಾಢ ಮಾಡುವುದಕ್ಕಿಂತ ಕೋಟ್ ಮೇಲೆ ಕೋಟ್ ಹಾಕಿ ಬಣ್ಣ ಹೊಂದಿಸುವುದು ಸುಲಭ. ಲೈಟ್ ಥೆರಪಿ ನಡೆಯುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಬಣ್ಣ ಬಂತು ಅಂತ ಮಚ್ಚೆಗೆ ಸನ್‌ಸ್ಕ್ರೀನ್ ಬಿಡಬೇಡಿ, ಅಲ್ಲಿನ ಚರ್ಮ ಬಿಸಿಲಿಗೆ ಮೊದಲಿನಷ್ಟೇ ಸುಲಭವಾಗಿ ಸುಡುತ್ತದೆ. ಮುಚ್ಚಿಕೊಳ್ಳಲೇಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಬೇಕು ಅನ್ನುವವರಿಗೆ ಇದು ದಿನಾ ಮೇಕಪ್ ಬಳಿಯುವ ಕಷ್ಟ ತಪ್ಪಿಸುತ್ತದೆ.

ಊರಲ್ಲಿ ದೇಹದಾರ್ಢ್ಯ ಸ್ಪರ್ಧೆಗೆ ಹೋಗುವ ಹುಡುಗರೂ ಟ್ಯಾನ್ ಹಚ್ಚುತ್ತಾರೆ. ಸ್ಟೇಜ್ ಲೈಟಿಗೆ ಸ್ನಾಯುವಿನ ಗೆರೆ ಮಾಸಿಹೋಗದಿರಲಿ ಅಂತ. ಅವರದು ಹಲವು ಕೋಟ್‌ಗಳ ಗಾಢ ಬಣ್ಣ, ಅದರ ಸೊಲ್ಯೂಷನ್ನೇ ಬೇರೆ. ಅದನ್ನು ತಂದು ಮದುವೆಗೆ ಹಚ್ಚಿಕೊಳ್ಳಬೇಡಿ.

ಎಕ್ಸ್‌ಪ್ರೆಸ್ ಸೊಲ್ಯೂಷನ್ ನಮ್ಮವರಿಗೆ ನಿಜಕ್ಕೂ ಅನುಕೂಲ. ಒಂದು ಗಂಟೆಗೆ ತೊಳೆದರೆ ತಿಳಿ ಬಣ್ಣ, ಎರಡು ಮೂರು ಗಂಟೆ ಬಿಟ್ಟರೆ ಗಾಢ. ರಾತ್ರಿಯೆಲ್ಲಾ ಅಂಟುಮೈಯಲ್ಲಿ ಮಲಗಿ ಹಾಸಿಗೆ ಕೊಳೆ ಮಾಡಿಕೊಳ್ಳುವ ಗೋಜಿಲ್ಲ. ತೊಳೆದ ಮೇಲೂ ಒಳಗೆ ಬಣ್ಣ ಏರುತ್ತಲೇ ಇರುತ್ತದೆ, ಆದ್ದರಿಂದ ಮೊದಲ ಸಲ ಬೇಗ ತೊಳೆದುಬಿಡಿ.

ಸ್ಪ್ರೇಗೆ ಮುಂಚಿನ ದಿನವೇ ವ್ಯಾಕ್ಸ್, ಸ್ಕ್ರಬ್ ಮುಗಿಸಿ. ಅದೇ ದಿನ ಶೇವ್ ಮಾಡಿದರೆ ರಂಧ್ರಗಳಲ್ಲಿ ಬಣ್ಣ ಕೂತು ಕಾಲಿನ ತುಂಬಾ ಚುಕ್ಕಿ ಕಾಣುತ್ತದೆ. ಡಿಯೋಡರೆಂಟ್, ಸೆಂಟ್, ಲೋಷನ್ ಯಾವುದೂ ಬೇಡ. ಅಮೆರಿಕದಲ್ಲಿ ಔಷಧಿ, ಸೌಂದರ್ಯವರ್ಧಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಡಿಎಚ್‌ಎಗೆ ಒಪ್ಪಿಗೆ ಕೊಟ್ಟಿರುವುದು ಮೈಮೇಲೆ ಹಚ್ಚಲು ಮಾತ್ರ, ಕಣ್ಣಿನ ಸುತ್ತ, ತುಟಿ, ಮೂಗಿನ ಒಳಗೆ ಹೋಗಬಾರದು. ಮೂಗಿಗೆ ಫಿಲ್ಟರ್, ಕಣ್ಣಿಗೆ ಮುಚ್ಚಳ, ತುಟಿಗೆ ಬಾಮ್ ಕೊಡದ ಸಲೂನ್‌ನಿಂದ ಎದ್ದು ಬನ್ನಿ. ಆಸ್ತಮಾ ಇದ್ದರೆ ಸ್ಪ್ರೇ ಬೇಡ, ಕೈಯಲ್ಲಿ ಹಚ್ಚುವ ನೊರೆಯಂಥ ಮೌಸ್ ಅಥವಾ ಲೋಷನ್ ಸಾಕು.

ಇಲ್ಲಿ ಒಂದು ಸಲದ ಸ್ಪ್ರೇಗೆ ಸಾಮಾನ್ಯವಾಗಿ 40ರಿಂದ 60 ಡಾಲರ್ ಆಗುತ್ತದೆ. ಮನೆಯಲ್ಲೇ ಗನ್ ಇಟ್ಟುಕೊಂಡಿರುವವರು ಅಗ್ಗ ಅಂತ ಲೀಟರ್ ಬಾಟಲಿ ತರುತ್ತಾರೆ. ಇಡೀ ಮೈಗೆ ಬೇಕಾಗುವುದು ಸುಮಾರು 50ರಿಂದ 60 ಮಿಲಿ ಲೀಟರ್. ಮುಚ್ಚಳ ತೆಗೆದ ಮೇಲೆ ಡಿಎಚ್‌ಎ ಗಾಳಿಗೆ, ಶಾಖಕ್ಕೆ ಕೆಡುತ್ತಾ ಹೋಗುತ್ತದೆ, ಹಳೆಯ ಬಾಟಲಿಯಿಂದ ಬಣ್ಣ ಸರಿಯಾಗಿ ಏಳುವುದೇ ಇಲ್ಲ. ಒಬ್ಬರ ಉಪಯೋಗಕ್ಕಾದರೆ ಚಿಕ್ಕ ಬಾಟಲಿ ತಗೊಳ್ಳಿ, ತಂಪಾದ ಕತ್ತಲೆ ಜಾಗದಲ್ಲಿ ಇಡಿ, ತೆರೆದ ತಾರೀಖನ್ನು ಪೆನ್ನಿನಲ್ಲಿ ಬಾಟಲಿಯ ಮೇಲೇ ಬರೆದಿಡಿ.