ರೂಟರ್‌ಗೊಂದು ಪುಟ್ಟ ಯುಪಿಎಸ್: ಮಲೆನಾಡಿನ ಮನೆಯಲ್ಲಿ ನಾಲ್ಕು ಮಳೆಗಾಲ ಬಳಸಿದ ಮೇಲೆ

ನಮ್ಮ ಮನೆ ತೀರ್ಥಹಳ್ಳಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಬಂದವಳು ನಾನು. ಇಲ್ಲಿಂದಲೇ ಕೆಲಸ ಮಾಡಲು ಆಮೇಲೆ ಆಫೀಸಿನವರೂ ಒಪ್ಪಿದರು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ದಿನಕ್ಕೆ ಮೂರ್ನಾಲ್ಕು ಕಾಲ್ ಇದ್ದೇ ಇರುತ್ತವೆ. ಒಳ್ಳೆ ಕುರ್ಚಿ, ದೊಡ್ಡ ಮಾನಿಟರ್, ಹೆಡ್‌ಫೋನ್ ಎಲ್ಲ ಒಂದೊಂದಾಗಿ ಬಂದವು. ಆದರೆ ನಾನು ಇಲ್ಲೇ ಉಳಿಯಲು ಸಾಧ್ಯವಾಗಿದ್ದು 2021ರ ಜೂನ್‌ನಲ್ಲಿ ತರಿಸಿದ ಅಂಗೈ ಅಗಲದ ಕಪ್ಪು ಡಬ್ಬಿಯಿಂದ. ರೂಟರ್‌ಗೆ ಅಂತಲೇ ಬರುವ ಮಿನಿ ಯುಪಿಎಸ್, ಅಂದರೆ ಕರೆಂಟ್ ಹೋದ ಕೂಡಲೇ ತನ್ನೊಳಗಿನ ಬ್ಯಾಟರಿಯಿಂದ ರೂಟರ್ ಓಡಿಸುವ ಡಬ್ಬಿ. ಆಗ 1,300 ರೂಪಾಯಿ ಕೊಟ್ಟಿದ್ದೆ.

ಮಲೆನಾಡಿನವರಿಗೆ ಕರೆಂಟಿನ ಕಥೆ ಹೇಳಬೇಕಾಗಿಲ್ಲ. ಆರಿದ್ರಾ ಮಳೆ ಹಿಡಿದರೆ ಎಲ್ಲೋ ಒಂದು ಕೊಂಬೆ ಲೈನ್ ಮೇಲೆ ಬೀಳುತ್ತದೆ. ಇಡೀ ದಿನ ಕರೆಂಟ್ ಇಲ್ಲದಿದ್ದರೆ ಅದೊಂದು ಲೆಕ್ಕ, ರಜೆ ಹಾಕಬಹುದು. ನನಗೆ ಜಾಸ್ತಿ ಕಾಟ ಕೊಟ್ಟಿದ್ದು ಹೋಗಿ ಎರಡೇ ಸೆಕೆಂಡಿಗೆ ಬರುವ ಕರೆಂಟು. ಲ್ಯಾಪ್‌ಟಾಪ್‌ಗೆ ಅದರದೇ ಬ್ಯಾಟರಿ ಇದೆ. ಫೈಬರ್‌ನಲ್ಲಿ ಹರಿಯುವುದು ಬೆಳಕು, ಅದಕ್ಕೂ ನಮ್ಮ ಮನೆಯ ಕರೆಂಟ್ ಬೇಡ. ನಡುವೆ ಇರುವ ರೂಟರ್ ಮಾತ್ರ ಆರಿಹೋಗುತ್ತದೆ. ಅದು ಮತ್ತೆ ಏಳಬೇಕು, ಫೈಬರ್ ಸಿಗ್ನಲ್ ಸಿಕ್ಕಿತು ಅಂತ ತೋರಿಸುವ ಪಾನ್ (PON) ದೀಪ ಮಿಣುಕಿ ಮಿಣುಕಿ ನಿಲ್ಲಬೇಕು, ಆಮೇಲೆ ವೈಫೈ ಬರಬೇಕು. ನಮ್ಮ ರೂಟರ್‌ಗೆ ಇದಕ್ಕೆಲ್ಲ ಮೂರು ನಿಮಿಷ ಹಿಡಿಯುತ್ತದೆ. ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಆರು ಸಲ ಹೀಗಾದರೆ ಕೆಲಸದ ಮೇಲೆ ಮನಸ್ಸು ಕೂರುವುದೇ ಇಲ್ಲ.

ಮನೆಯಲ್ಲಿ ಇನ್ವರ್ಟರ್ ಇಲ್ವಾ ಅಂತ ಕೇಳಬಹುದು. ಇದೆ. ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇದೆ. ಮಾಮೂಲಿ ಮೋಡ್‌ನಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಒಂದು ಚೂರು ಹೊತ್ತು ಬೇಕು. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿದಷ್ಟೇ, ಆದರೆ ನಮ್ಮ ರೂಟರ್‌ಗೆ ಅಷ್ಟು ಸಾಕಾಗುತ್ತಿತ್ತು, ಮೊದಲಿಂದ ಶುರುಮಾಡುತ್ತಿತ್ತು. ಯುಪಿಎಸ್ ಮೋಡ್‌ಗೆ ಹಾಕಿದರೆ ಬೇಗ ಬದಲಾಗುತ್ತದೆ, ಆದರೆ ವೋಲ್ಟೇಜ್ 180ಕ್ಕಿಂತ ಕೆಳಗೆ ಬಂದರೆ ಇನ್ವರ್ಟರ್ ಬ್ಯಾಟರಿಗೇ ಹೋಗಿಬಿಡುತ್ತದೆ. ಬೇಸಿಗೆಯಲ್ಲಿ ತೋಟದ ಪಂಪ್‌ಗಳು ಓಡುವಾಗ ನಮ್ಮಲ್ಲಿ 170 ಬಂದರೆ ದೊಡ್ಡದು. ಕರೆಂಟ್ ಇದ್ದೂ ಸಂಜೆಯೊಳಗೆ ಬ್ಯಾಟರಿ ಖಾಲಿ. ಹಾಗಾಗಿ ಇನ್ವರ್ಟರನ್ನು ಮಾಮೂಲಿ ಮೋಡ್‌ನಲ್ಲೇ ಬಿಟ್ಟು, ರೂಟರ್‌ಗೆ ಮಾತ್ರ ಈ ಡಬ್ಬಿ ಇಟ್ಟೆ.

ಮೊದಲ ವಾರದ್ದೇ ಒಂದು ಕಾಲ್ ನೆನಪಿದೆ. ನಾನು ಸ್ಕ್ರೀನ್ ಶೇರ್ ಮಾಡಿ ಒಂದು ಬಗ್ ತೋರಿಸುತ್ತಿದ್ದೆ. ಒಳಗೆ ಅಮ್ಮ ಚಟ್ನಿ ಅರೆಯುತ್ತಿದ್ದಳು. ಮಿಕ್ಸಿ ಸದ್ದು ಅರ್ಧಕ್ಕೆ ನಿಂತಿತು. ಬಾಯಲ್ಲಿದ್ದ ಮಾತು ನುಂಗಿಕೊಂಡು ರೂಟರ್ ಕಡೆ ನೋಡಿದೆ. ನಾಲ್ಕೂ ಹಸಿರು ದೀಪ ಹಾಗೇ ಉರಿಯುತ್ತಿದ್ದವು. ಆ ಕಡೆಯವರು ‘ಹೂಂ, ಮುಂದೆ ಹೇಳಿ’ ಅಂದರು. ಅವರಿಗೆ ಏನೂ ಗೊತ್ತಾಗಿರಲಿಲ್ಲ.

ಒಳಗಿರುವುದು 2,000 ಎಂಎಎಚ್‌ನ ಮೂರು ಲಿಥಿಯಂ ಸೆಲ್. ಒಂದೊಂದೂ 3.7 ವೋಲ್ಟ್. ಅಂದರೆ ಒಟ್ಟು 22 ವಾಟ್-ಅವರ್ ಚಿಲ್ಲರೆ. ರೂಟರ್ ಆರೇಳು ವಾಟ್ ತಿನ್ನುತ್ತದೆ, ಲೆಕ್ಕಕ್ಕೆ ಮೂರು ಗಂಟೆ ಬರಬೇಕು. ಹೊಸತರಲ್ಲಿ ಅಷ್ಟೇ ಬರುತ್ತಿತ್ತು. ಇನ್ವರ್ಟರ್ ಕೂಡ ಖಾಲಿಯಾದ ದಿನಗಳಲ್ಲಿ ಈ ಮೂರು ಗಂಟೆ ದೊಡ್ಡ ಆಧಾರ. ಏಕೆಂದರೆ ಆ ಹೊತ್ತಿಗೆ ಇಲ್ಲಿನ ಮೊಬೈಲ್ ಟವರೂ ಮಲಗಿರುತ್ತದೆ, ಹಾಟ್‌ಸ್ಪಾಟ್ ನಂಬುವ ಹಾಗಿಲ್ಲ.

ಇನ್ನೊಂದು ಉಪಯೋಗ ನಾನು ಎಣಿಸಿಯೇ ಇರಲಿಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕೀಳದೆ ಇದ್ದರೆ ರೂಟರ್ ಸುಟ್ಟುಹೋಗುವ ಭಯ. ನಮ್ಮ ಹಳೆಯದೊಂದು ಹಾಗೇ ಹೋಗಿತ್ತು. ಈಗ ಮೋಡ ಕವಿದ ಕೂಡಲೇ ಗೋಡೆಯ ಪ್ಲಗ್ ಕಿತ್ತುಬಿಡುತ್ತೇನೆ. ರೂಟರ್ ಡಬ್ಬಿಯ ಮೇಲೆ ಓಡುತ್ತದೆ, ಕೆಲಸವೂ ನಡೆಯುತ್ತದೆ.

ತೊಂದರೆಗಳೂ ಆದವು. ಶುರುವಿನಲ್ಲಿ, ಕರೆಂಟ್ ವಾಪಸ್ ಬಂದ ಮೇಲೆ ರೂಟರ್ ಸುಮ್ನೆ ಸುಮ್ನೆ ರೀಸ್ಟಾರ್ಟ್ ಆಗುತ್ತಿತ್ತು. ಡಬ್ಬಿಯದ್ದೇ ದೋಷ ಅಂದುಕೊಂಡಿದ್ದೆ. ಕಾರಣ ಬೇರೆ ಇತ್ತು. ನನ್ನ ಮಾಡೆಲ್‌ಗೆ ರೂಟರ್‌ನ ಹಳೆ ಅಡಾಪ್ಟರನ್ನೇ ಚುಚ್ಚಬೇಕು. ಅದು 12 ವೋಲ್ಟ್, 1 ಆಂಪಿಯರ್‌ನದ್ದು. ರೂಟರ್ ಓಡಿಸಿ, ಖಾಲಿ ಬ್ಯಾಟರಿಯನ್ನೂ ತುಂಬಲು ಅದಕ್ಕೆ ತಾಕತ್ತು ಸಾಲುತ್ತಿರಲಿಲ್ಲ. 2 ಆಂಪಿಯರ್‌ನದ್ದು ತಂದ ಮೇಲೆ ಆ ಕಾಟ ತಪ್ಪಿತು. ನೀವು ತಗೊಳ್ಳುವುದಾದರೆ ಮೊದಲು ರೂಟರ್ ಅಡಿಯ ಚೀಟಿ ಓದಿ. 9 ವೋಲ್ಟ್‌ನ ರೂಟರ್‌ಗೆ 12 ವೋಲ್ಟ್‌ನದ್ದು ಹಾಕಬಾರದು. ಫೈಬರ್ ಡಬ್ಬಿ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡು ಔಟ್‌ಪುಟ್ ಇರುವುದೇ ಬೇಕು.

ಮೂರನೇ ಮಳೆಗಾಲಕ್ಕೆ ಬ್ಯಾಕಪ್ 50 ನಿಮಿಷಕ್ಕೆ ಇಳಿಯಿತು. ವರ್ಷವಿಡೀ ಪ್ಲಗ್‌ನಲ್ಲೇ ಇರುವ ಲಿಥಿಯಂ ಸೆಲ್ ಸದಾ ಫುಲ್ ಚಾರ್ಜ್‌ನಲ್ಲಿ, ಬಿಸಿಯಲ್ಲಿ ಕೂತು ಬೇಗ ಸವೆಯುತ್ತದೆ. ನಾನಂತೂ ಅದನ್ನು ಟಿವಿ ಕಪಾಟಿನೊಳಗೆ, ರೂಟರ್ ಮೇಲೇ ಇಟ್ಟಿದ್ದೆ. ಅದು ತಪ್ಪು. ಮಾರಿದವರಿಗೆ ಎರಡು ಸಲ ಬರೆದೆ, ಸೆಲ್ ಮಾತ್ರ ಬದಲಿಸಿ ಕೊಡುವ ವ್ಯವಸ್ಥೆ ಇಲ್ಲ ಅಂದರು. ಇಡೀ ಡಬ್ಬಿ ಎಸೆಯಬೇಕಂತೆ! ಇದು ನನಗೆ ನಿಜಕ್ಕೂ ಬೇಸರದ ವಿಷಯ. ಕೊನೆಗೆ ಪೇಟೆಯ ರಿಪೇರಿ ಅಂಗಡಿಯವರು ಅದೇ ಅಳತೆಯ ಮೂರು ಹೊಸ ಸೆಲ್ ಸ್ಪಾಟ್ ವೆಲ್ಡ್ ಮಾಡಿ ಕೂರಿಸಿಕೊಟ್ಟರು. ಮನೆಯಲ್ಲಿ ನೀವೇ ಬಿಚ್ಚಿ ಬೆಸುಗೆ ಹಾಕಲು ಹೋಗಬೇಡಿ, ಲಿಥಿಯಂ ಸೆಲ್‌ಗೆ ಬೆಂಕಿ ಹತ್ತುತ್ತದೆ.

ಈಗ ಅದು ಗೋಡೆಯ ಮೊಳೆಗೆ, ಗಾಳಿಯಾಡುವ ಕಡೆ ನೇತಾಡುತ್ತಿದೆ. ಪ್ರತಿ ವರ್ಷ ಮೃಗಶಿರಕ್ಕೆ ಮೊದಲು ಒಂದು ಭಾನುವಾರ ಸ್ವಿಚ್ ಆರಿಸಿ ಗಡಿಯಾರ ನೋಡುತ್ತೇನೆ. ಈ ಸಲ 2 ಗಂಟೆ 50 ನಿಮಿಷ ಬಂತು.