ಮೋಲ್ಟನ್ ಬಿಜಿ5000: ಎನ್‌ಬಿಎಯಿಂದ ಬಂದ ಕೈಗಳು ಪಳಗಬೇಕಾದ ಚೆಂಡು

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರರು ರಾಷ್ಟ್ರೀಯ ತಂಡಕ್ಕೆ ಬಂದಾಗ ಮೊದಲು ಬದಲಾಗುವುದು ಚೆಂಡು. ಅಲ್ಲಿ 2021ರಿಂದ ಎಂಟು ಪಟ್ಟಿಯ (ಹೊದಿಕೆಯ ತುಂಡುಗಳ) ವಿಲ್ಸನ್ ಚೆಂಡು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ವಿಶ್ವಕಪ್‌ನಲ್ಲಿ ಹನ್ನೆರಡು ಪಟ್ಟಿಯ, ಎರಡು ಬಣ್ಣದ ಮೋಲ್ಟನ್ ಬಿಜಿ5000. ಪಟ್ಟಿ ಹೆಚ್ಚಾದ್ದರಿಂದ ಬೆರಳಿಗೆ ಗೀರು ಬೇರೆ ಜಾಗದಲ್ಲಿ ಸಿಗುತ್ತದೆ. ಎರಡು ಬಣ್ಣದ ಲಾಭ ದೊಡ್ಡದು: ಕೈ ಓರೆಯಾಗಿ ಬಿಟ್ಟರೆ ಚೆಂಡು ತಿರುಗುವಾಗಲೇ ಕಾಣುತ್ತದೆ.

ಇದು ಅಪ್ಪಟ ಚರ್ಮ. ಹೊಸದರಲ್ಲಿ ಜಾರುತ್ತದೆ, ಮರದ ಅಂಕಣದಲ್ಲಿ ಆಡಿಸಿಯೇ ಪಳಗಿಸಬೇಕು. ಸಿಮೆಂಟ್ ನೆಲಕ್ಕೆ ಒಯ್ದರೆ ಮೇಲ್ಮೈ ಕಿತ್ತುಬರುತ್ತದೆ. ಗಾಳಿ ತುಂಬುವಾಗ ಸೂಜಿ ಒದ್ದೆ ಮಾಡಿ, ಇಲ್ಲದಿದ್ದರೆ ವಾಲ್ವ್ ಹರಿಯುತ್ತದೆ. 1.8 ಮೀಟರ್ ಎತ್ತರದಿಂದ ಬಿಟ್ಟಾಗ ಚೆಂಡಿನ ನೆತ್ತಿ 1.2ರಿಂದ 1.4 ಮೀಟರ್‌ವರೆಗೆ ಪುಟಿದರೆ ಸರಿ. ಗಾಳಿ ಹೆಚ್ಚಾದರೆ ರಿಂಗ್‌ಗೆ ಬಡಿದು ದೂರ ಸಿಡಿಯುತ್ತದೆ.

ಮೂರಂಕದ ಎಸೆತದ ಗೆರೆಯೂ ಎನ್‌ಬಿಎಯ 7.24 ಮೀಟರ್‌ನಿಂದ ಫಿಬಾದ 6.75ಕ್ಕೆ ಇಳಿಯುವುದರಿಂದ ಆರಂಭದಲ್ಲಿ ಎಸೆತ ಉದ್ದವಾಗುವುದು ಸಹಜ. ನವೆಂಬರ್, ಫೆಬ್ರುವರಿಯ ವಿಶ್ವಕಪ್ ಅರ್ಹತಾ ಪಂದ್ಯಗಳು ಎನ್‌ಬಿಎ ಋತುವಿನ ನಡುವೆಯೇ ಬರುತ್ತವೆ. ಹಾಗಾಗಿ ಎನ್‌ಬಿಎ ಆಟಗಾರರು ಸಿಗುವುದು ಬೇಸಿಗೆಯಲ್ಲಿ ಮಾತ್ರ. 2023ರ ವಿಶ್ವಕಪ್‌ನಲ್ಲಿ ಎನ್‌ಬಿಎ ಆಟಗಾರರಾದ ಶ್ರೋಡರ್, ವ್ಯಾಗ್ನರ್ ಸಹೋದರರಿದ್ದ ಜರ್ಮನಿ ಎಂಟಕ್ಕೆ ಎಂಟೂ ಪಂದ್ಯ ಗೆದ್ದಿತು. ಇಂಥ ಪ್ರತಿಭೆಯನ್ನು ಕೆಲವೇ ವಾರಗಳಲ್ಲಿ ತಂಡಕ್ಕೆ ಹೊಂದಿಸಬೇಕೆಂದರೆ ಶಿಬಿರಕ್ಕೆ ಮೊದಲೇ ಪ್ರತಿಯೊಬ್ಬರ ಮನೆಗೂ ಪಳಗಿದ ಒಂದು ಬಿಜಿ5000 ಕಳುಹಿಸಿಬಿಡಿ.

ಕ್ಲಬ್‌ಗಳ ದಿನನಿತ್ಯದ ಅಭ್ಯಾಸಕ್ಕೆ ಕೃತಕ ಚರ್ಮದ ಬಿಜಿ4500 ಧಾರಾಳ ಸಾಕು. ಪಟ್ಟಿಗಳ ವಿನ್ಯಾಸ ಅದೇ, ಪಳಗಿಸುವ ರಗಳೆ ಕಡಿಮೆ.